ಅವ್ವ ಹತ್ತಲೊಲ್ಲದ ಫಟಫಟಿ

ಇಳಕಲ್ಲಿನ ನಮ್ಮ ಮನೆಯನ್ನು ಹುಡುಕಿಕೊಂಡು ಬರುವವರಿಗೆ ಗುರುತು ಹೇಳುವ ಕಷ್ಟವಿರಲಿಲ್ಲ. ಓಣಿಯ ತುದಿಯಲ್ಲಿ ಯಾರನ್ನಾದರೂ ಕೇಳಿದರೆ, ಮೂಗು ತೋರಿಸಿ, ವಾಸನೆ ಹಿಡಿದು ಹೋಗಿರಿ ಎಂದು ನಗುತ್ತಿದ್ದರು. ಮನೆಮನೆಯಿಂದ ಮಗ್ಗದ ಸದ್ದು ಬರುತ್ತಿದ್ದ ಆ ಓಣಿಯಲ್ಲಿ ಪೆಟ್ರೋಲ್ ವಾಸನೆ ಬರುತ್ತಿದ್ದದ್ದು ನಮ್ಮದೊಂದೇ ಮನೆಯಿಂದ. ಬಾಲ್ಯ ಎಂದಾಗ ಬೇರೆಯವರು ತುಪ್ಪ ಕಾಯಿಸಿದ ವಾಸನೆಯನ್ನೋ ಅಜ್ಜಿಯ ಮುಡಿಯ ಮಲ್ಲಿಗೆಯನ್ನೋ ನೆನೆಯುತ್ತಾರೆ. ನನಗೆ ಹಾಗೆ ಸುಳ್ಳು ಹೇಳಲು ಬರುವುದಿಲ್ಲ. ಬಾಗಲಕೋಟೆಯ ನವನಗರದಲ್ಲಿ ಪೆಟ್ರೋಲ್ ಬಂಕಿನ ಮುಂದೆ ರಿಕ್ಷಾ ನಿಂತರೆ ಈ ವಯಸ್ಸಿನಲ್ಲೂ ನನಗೆ ಹಸಿವಾಗುತ್ತದೆ. ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲೊಂದಿಷ್ಟು ಎಣ್ಣೆ ಬೇಕೆನಿಸುತ್ತದೆ. ಆ ಊಟವನ್ನು ನಾನು ಪೆಟ್ರೋಲ್ ವಾಸನೆಯಿಲ್ಲದೆ ಉಂಡದ್ದೇ ಕಡಿಮೆ.

ಮನೆ ದೊಡ್ಡದೇನಲ್ಲ. ಕೆಂಪು ಕಲ್ಲಿನ ಮೆಟ್ಟಿಲು ಹತ್ತಿದರೆ ಪಡಸಾಲೆ. ಅದರ ಎಡಕ್ಕೆ ಆಯಿಯ ಕುಣಿಮಗ್ಗ. ಆಯಿ ಎಂದರೆ ಅಪ್ಪನ ತಾಯಿ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಊಟಕ್ಕೆ ಕರೆಯುವವರೆಗೂ ಆಕೆ ಏಳುತ್ತಿರಲಿಲ್ಲ. ಬಲಕ್ಕೆ, ಮಗ್ಗಕ್ಕೆ ಎದುರಾಗಿ, ಅಪ್ಪನ ಫಟಫಟಿ. ಮೋಟರ್ ಸೈಕಲ್ಲಿಗೆ ಆಗ ನಮ್ಮ ಕಡೆ ಅದೇ ಹೆಸರು. ತನ್ನ ಹೆಸರನ್ನು ತಾನೇ ಕೂಗಿಕೊಂಡು ಬರುತ್ತಿತ್ತಲ್ಲ. ಕಲ್ಲಿನ ಗಣಿಯ ಮುಕಾದಮನೊಬ್ಬ ಓಡಿಸಿ ಬೇಸತ್ತು ಮಾರಿದ್ದನ್ನು ಅಪ್ಪ ತಂದಿದ್ದ. ಸುತ್ತಿನ ಹಳ್ಳಿಗಳ ನೇಕಾರರಿಗೆ ನೂಲು ಮುಟ್ಟಿಸಿ, ನೇಯ್ದ ಸೀರೆಗಳನ್ನು ಗಂಟು ಕಟ್ಟಿ ಪೆಟ್ರೋಲ್ ಟಾಕಿಯ ಮೇಲೆ ಇಟ್ಟುಕೊಂಡು ಬರುವುದು ಅವನ ಕೆಲಸ. ಸಂಜೆಯಾದರೆ ಮೆಟ್ಟಿಲ ಮೇಲೆ ಹಲಗೆ ಹಾಸಿ ಗಾಡಿಯನ್ನು ಪಡಸಾಲೆಗೆ ಹತ್ತಿಸುತ್ತಿದ್ದ. ಆಮೇಲೆ ಅಲ್ಲಿಗೆ ದೀಪ ತರುವಂತಿಲ್ಲ. ಬೀಡಿ ಸೇದುವ ನೆಂಟರು ಎಷ್ಟೇ ದೊಡ್ಡವರಿರಲಿ, ಅಂಗಳದಲ್ಲೇ ಕೂರಬೇಕು. ನಮ್ಮ ದೊಡ್ಡಪ್ಪ ಒಬ್ಬರು ಇದೇ ಕಾರಣಕ್ಕೆ ನಮ್ಮ ಮನೆಗೆ ಬರುವುದನ್ನೇ ಬಿಟ್ಟರು. ಅದೊಂದು ಲಾಭ ಎಂದು ಅವ್ವ ಮೆಲ್ಲಗೆ ಹೇಳುತ್ತಿದ್ದಳು. ಆಯಿಗೆ ಮಾತ್ರ ಯಾವ ಲಾಭವೂ ಕಾಣುತ್ತಿರಲಿಲ್ಲ.

“ಎತ್ತು ಕಟ್ಟಿದ್ದರ ಸಗಣಿನಾದರೂ ಸಿಗ್ತಿತ್ತು. ಇದು ಬರೇ ಸೋರತೈತಿ.”

ಸೋರುತ್ತಿದ್ದದ್ದು ಟಾಕಿಯಲ್ಲ, ಟಾಕಿಯ ಮುಚ್ಚಳ. ಒಳಗಿನ ಬಳೆಯಂಥ ಪಟ್ಟಿ ಯಾವ ಕಾಲದಲ್ಲೋ ಪುಡಿಯಾಗಿ ಹೋಗಿತ್ತು. ರಸ್ತೆಯಲ್ಲಿ ತಗ್ಗು ಸಿಕ್ಕರೆ ಸಾಕು, ಮುಚ್ಚಳದ ಅಂಚಿನಿಂದ ಪೆಟ್ರೋಲ್ ಪುಳಕ್ಕನೆ ಚಿಮ್ಮಿ ಟಾಕಿಯ ಮೇಲೆ ಹರಿಯುತ್ತಿತ್ತು. ಅದಕ್ಕೆ ಸರಿಯಾಗಿ ಅಪ್ಪನ ಕೈ ತುಂಬುಗೈ. ಯಾರಿಗಾದರೂ ಚಹಾ ಕೊಟ್ಟರೆ ಬಟ್ಟಲು ತುಳುಕಬೇಕು, ನೆಂಟರಿಗೆ ಬಡಿಸಿದರೆ ಸಾರು ತಾಟಿನ ಅಂಚು ದಾಟಬೇಕು. ಬಂಕಿಗೆ ಹೋದರೂ ಹಾಗೇ. ಗಾಡಿಯನ್ನು ಅಲ್ಲಾಡಿಸಿ ಅಲ್ಲಾಡಿಸಿ, ಇನ್ನೂ ಹಿಡಿಯುತ್ತದೆ ಹಾಕು ಎಂದು ಟಾಕಿಯನ್ನು ಬಾಯಿತನಕ ತುಂಬಿಸುತ್ತಿದ್ದ. ಅರ್ಧಮರ್ಧ ತುಂಬಿಸುವುದು ಅವನ ಮಟ್ಟಿಗೆ ಜಿಪುಣರ ಬುದ್ಧಿ.

ಒಂದು ಹಬ್ಬಕ್ಕೆ ಅವ್ವ ಇದೇ ಗಾಡಿಯಲ್ಲಿ ತವರಿಗೆ ಹೋದಳು. ಅವಳ ತವರು ಬಾದಾಮಿಯಾಚೆಯ ಚೊಳಚಗುಡ್ಡ. ತಾಯಿಗೆಂದು ಒಯ್ದ ಸೀರೆ ಎಂದಿನಂತೆ ಟಾಕಿಯ ಮೇಲಿತ್ತು. ಅಲ್ಲಿ ಗಂಟು ಬಿಚ್ಚಿದಾಗ ನನ್ನ ಅತ್ತಿ, ಅಂದರೆ ಸೋದರಮಾವನ ಹೆಂಡತಿ, ಎಲ್ಲರೆದುರು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಇದನ್ನು ಉಟ್ಟರೆ ಒಲೆ ಹತ್ತಿರ ಹೋಗುವಂತಿಲ್ಲ ಎಂದಳು. ಆ ಸೀರೆಯನ್ನು ಅಂಗಳದ ಬೇವಿನ ಗಿಡಕ್ಕೆ ಜೋತುಬಿಟ್ಟು ಹಬ್ಬ ಮುಗಿಯುವವರೆಗೂ ತೆಗೆಯಲಿಲ್ಲ. ಹೋಗಿಬರುವವರೆಲ್ಲ ಅದೇನೆಂದು ಕೇಳುವುದು, ಅತ್ತಿ ಹೇಳುವುದು. ಅಪ್ಪನಿಗೆ ಪೆಟ್ರೋಲ್ ಅಳಿಯ ಎಂಬ ಹೆಸರು ಬಿದ್ದದ್ದು ಅಲ್ಲಿಯೇ. ಅಪ್ಪ ತಾನೂ ನಕ್ಕುಬಿಟ್ಟ. ಅವ್ವನಿಗೆ ನಗು ಬರಲಿಲ್ಲ. ತವರಿನಲ್ಲಿ ಗಂಡನನ್ನು ನಗೆಪಾಟಲು ಮಾಡಿದ ಗಾಡಿಯನ್ನು ಇನ್ನು ಹತ್ತುವುದಿಲ್ಲ ಎಂದು ಅಲ್ಲೇ ಶಪಥ ಮಾಡಿ, ಬಸ್ಸಿನಲ್ಲಿ ಇಳಕಲ್ಲಿಗೆ ಬಂದಳು. ನಾನೂ ಅವ್ವನೂ ಬಸ್ಸಿನಲ್ಲಿ, ಬಸ್ಸಿನ ಹಿಂದೆ ಅಪ್ಪ ಒಬ್ಬನೇ ಫಟಫಟಿಯಲ್ಲಿ. ನಾನು ಹಿಂದಿನ ಕಿಟಕಿಯಿಂದ ದಾರಿಯುದ್ದಕ್ಕೂ ಅವನಿಗೆ ಕೈ ಬೀಸಿದೆ.

ಅಪ್ಪ ಬೇರೆ ಯಾವುದಕ್ಕೂ ಅಷ್ಟು ನೊಂದುಕೊಂಡದ್ದು ನಾನು ನೋಡಿಲ್ಲ. ಅವ್ವ ಕೂರಲಿ ಎಂದೇ ಹಿಂದಿನ ಸೀಟಿಗೆ ಮೆತ್ತನೆಯ ಹತ್ತಿ ತುಂಬಿಸಿ, ದಾಳಿಂಬೆ ಕೆಂಪಿನ ಹೊದಿಕೆ ಹೊಲಿಸಿದ್ದ. ದಿನಾ ಬೆಳಿಗ್ಗೆ ಅದನ್ನು ಒರೆಸಿ, ಅಡುಗೆಮನೆಯ ಕಡೆ ಒಮ್ಮೆ ನೋಡಿ, ಒಬ್ಬನೇ ಕಿಕ್ ಹೊಡೆದು ಹೋಗುತ್ತಿದ್ದ. ಅವ್ವ ರೊಟ್ಟಿ ಬಡಿಯುವ ಸದ್ದನ್ನು ಆ ಹೊತ್ತಿಗೆ ಇನ್ನಷ್ಟು ಜೋರು ಮಾಡುತ್ತಿದ್ದಳು. ಮಾತಿಗೆ ಏನೂ ಕಡಿಮೆಯಿರಲಿಲ್ಲ, ನಗುವಿಗೂ ಕಡಿಮೆಯಿರಲಿಲ್ಲ. ಗಾಡಿಯ ಮಾತು ಬಂದರೆ ಮಾತ್ರ ಅವ್ವ ಬಾಗಿಲು ಹಾಕಿಕೊಂಡಂತೆ ಆಗುತ್ತಿದ್ದಳು.

ಅಷ್ಟರಲ್ಲಿ ಚಿಗವ್ವನ ಕುಬಸದ ಸುದ್ದಿ ಬಂತು. ಅವ್ವನ ತಂಗಿ ಆಕೆ, ಚೊಳಚಗುಡ್ಡದಲ್ಲೇ ಕೊಟ್ಟಿದ್ದರು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ ಕುಬಸ ಮಾಡಬೇಕು. ಸೀರೆ ಅಕ್ಕನ ಮನೆಯಿಂದಲೇ ಬರಬೇಕು ಎಂದು ಚಿಗವ್ವ ಹಟ ಹಿಡಿದಿದ್ದಳು. ಅದರ ಜೊತೆಗೆ ಇನ್ನೊಂದು ಸುದ್ದಿಯೂ ಬಂತು. ಚಿಗವ್ವನಿಗೆ ಏನೋ ಬಯಕೆಯಾಗಿದೆ, ಏನೆಂದು ಬಾಯಿ ಬಿಡುತ್ತಿಲ್ಲ. ಮಾವಿನಕಾಯಿ ತಂದುಕೊಟ್ಟರೆ ಅಲ್ಲ, ಹುರಿದ ಶೇಂಗಾ ಕೊಟ್ಟರೆ ಅಲ್ಲ, ಒಲೆಯ ಮಣ್ಣು ಕೆರೆದು ಕೊಟ್ಟರೂ ಅಲ್ಲ. ಆಯಿ ಮಗ್ಗದಿಂದಲೇ ತಲೆ ಎತ್ತಿ ಎಚ್ಚರಿಸಿದಳು. ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ, ಇದು ಹುಡುಗಾಟವಲ್ಲ. ಅವ್ವ ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ಹಸಿರು ಸೀರೆಯನ್ನು ಆಯಿಯೇ ನೇಯ್ದಳು. ಒಡಲಿನ ಎಳೆಗೂ ಸೆರಗಿನ ಕೆಂಪು ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವಾಗ ಆಕೆಯ ಹತ್ತಿರ ಯಾರೂ ಕೆಮ್ಮುವಂತಿರಲಿಲ್ಲ. ಆ ಸೀರೆ ಮಗ್ಗದಿಂದ ಇಳಿದ ದಿನ ಅಪ್ಪ ಅದನ್ನು ನೋಡಿದ, ಗಾಡಿಯನ್ನು ನೋಡಿದ, ಕಡೆಗೆ ಅವ್ವನನ್ನು ನೋಡಿದ. ಮುಚ್ಚಳ ಸರಿಮಾಡಿಸಿದರೆ ಬರುತ್ತೀಯಾ ಎಂದು ಕೇಳಿದ. ಅವ್ವ ಒಂದು ಬಿಳಿ ಅರಿವೆಯ ತುಂಡು ತಂದು ಅವನ ಕೈಗಿಟ್ಟಳು.

“ಇದನ್ನ ಮುಚ್ಚಳದ ಮ್ಯಾಲ ಹೊಚ್ಚಿ ಊರೆಲ್ಲಾ ತಿರುಗಿ ಬರ್ರಿ. ಅರಿವಿ ವಾಸನಿ ಬರಲಿಲ್ಲಂದ್ರ ಹತ್ತತೇನಿ. ಬಂತಂದ್ರ ಬಸ್ಸು ಐತಿ.”

ಆ ಬಿಳಿ ಅರಿವೆಯ ಪರೀಕ್ಷೆ ನಮ್ಮ ಮನೆಯಲ್ಲಿ ಹಬ್ಬದಂತೆ ನಡೆಯಿತು. ಮೊದಲು ಅಪ್ಪ ಸೈಕಲ್ ಟ್ಯೂಬು ಕತ್ತರಿಸಿ ಮುಚ್ಚಳದೊಳಗೆ ಪಟ್ಟಿ ಹಾಕಿದ. ಆ ರಬ್ಬರು ಪೆಟ್ರೋಲ್ ಕುಡಿದು ನೆನೆದ ಕಡಲೆಯಂತೆ ಉಬ್ಬಿ ಮುಚ್ಚಳವನ್ನು ಕಚ್ಚಿ ಹಿಡಿಯಿತು. ಹುನಗುಂದದ ಬಂಕಿನಲ್ಲಿ ಅಪ್ಪ, ಬಂಕಿನವನು, ಒಬ್ಬ ಲಾರಿ ಡ್ರೈವರ್ ಸೇರಿ ಎಳೆದರೂ ಅದು ತೆರೆಯಲಿಲ್ಲವಂತೆ. ಸೋರುವುದಂತೂ ನಿಂತಿತು, ತುಂಬಿಸುವುದೂ ನಿಂತಿತು. ಆಮೇಲೆ ದಪ್ಪ ಬಟ್ಟೆಯ ಪಟ್ಟಿ ಹಾಕಿದ, ಅದು ಬತ್ತಿಯಂತೆ ಪೆಟ್ರೋಲನ್ನು ಮೇಲಕ್ಕೆಳೆಯಿತು. ಅವ್ವ ಪ್ರತಿ ಸಲ ಅರಿವೆಯನ್ನು ಮೂಗಿಗೆ ಹಿಡಿದು, ಒಗೆಯಲು ಹಾಕುತ್ತಿದ್ದಳು. ಕೊನೆಗೆ ಅವಳೇ ಕತ್ತರಿ ಹಿಡಿದು ಕೂತಳು. ಅಪ್ಪನ ಹಳೆಯ ಚಪ್ಪಲಿಯ ತೊಗಲಿನಲ್ಲಿ ಬಳೆ ಕತ್ತರಿಸಬೇಕು ಎಂದು ಅವಳ ಲೆಕ್ಕ. ಆಯಿ ಹೌಹಾರಿದಳು. ಖಂಡೇನವಮಿಗೆ ಕುಂಕುಮ ಹಚ್ಚಿ ಕಾಯಿ ಒಡೆದ ಟಾಕಿಯ ಮೇಲೆ ಚಪ್ಪಲಿ ತೊಗಲೇ ಎಂದು ದೊಡ್ಡ ವಾದವಾಯಿತು. ತೊಗಲು ಮೈಲಿಗೆಯಾದರೆ ನೆರೆಮನೆಯ ಮಗ್ಗದಲ್ಲಿ ಲಾಳಿ ಹೊಡೆಯುವ ತೊಗಲಿನ ತುಂಡು ಏನು ಎಂದು ಅವ್ವ ಕೇಳಿದಳು. ಮಗ್ಗದ ತೊಗಲಿಗೆ ದೋಷವಿಲ್ಲ ಎಂದು ಆಯಿ ಒಪ್ಪಲೇಬೇಕಾಯಿತು. ನೆರೆಮನೆಯಿಂದ ಸವೆದ ತೊಗಲು ಬಂತು. ಅವ್ವ ಅದನ್ನು ನೆನೆಹಾಕಿ, ಕುಟ್ಟಿ, ತನ್ನ ಬಳೆಯನ್ನೇ ಅಳತೆಗೆ ಇಟ್ಟು ದುಂಡಗೆ ಕತ್ತರಿಸಿದಳು. ಅದು ಹದವಾಗಿ ಕೂತಿತು.

ಅಂದು ಅರಿವೆಯಲ್ಲಿ ಉಳಿದದ್ದು ಒಂದೇ ಚುಕ್ಕೆ, ನಡುವೆ, ಕುಂಕುಮದ ಬೊಟ್ಟಿನಷ್ಟು. ಅಂಚು ಬಿಟ್ಟು ನಡುವಿನಿಂದ ಯಾಕೆ ಬಂತೆಂದು ಎಲ್ಲರೂ ಮುಚ್ಚಳದ ಮೇಲೆ ಬಗ್ಗಿದೆವು. ನೆತ್ತಿಯ ಮೇಲೆ ಸೂಜಿಯಷ್ಟು ಸಣ್ಣ ತೂತಿತ್ತು. ಅದನ್ನು ಕಂಡುಹಿಡಿದದ್ದು ಆಯಿ. ಜೀವಮಾನವಿಡೀ ಬಟ್ಟೆಯಲ್ಲಿ ತೂತು ಹುಡುಕಿದ ಕಣ್ಣದು. ನೇಕಾರರ ಮನೆಯಲ್ಲಿ ತೂತು ಎಂದರೆ ತಪ್ಪು, ಕಂಡ ಕೂಡಲೇ ಮುಚ್ಚಬೇಕು. ಅದು ಬೇಕೆಂದೇ ಇಟ್ಟ ತೂತಾಗಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಆಯಿ ಮಗ್ಗಕ್ಕೆ ಬಳಸುವ ಹುಣಸೆ ಬೀಜದ ಅಂಟು ಸರಿಯನ್ನು ಗಟ್ಟಿಯಾಗಿ ಕುದಿಸಿ, ನೂಲಿನ ಎಳೆಯನ್ನು ಅದರಲ್ಲಿ ಅದ್ದಿ, ಆ ತೂತನ್ನು ಒಳಗೂ ಹೊರಗೂ ಮುಚ್ಚಿ ಬಿಸಿಲಿಗಿಟ್ಟಳು. ಅವ್ವ ಅದನ್ನು ಉಗುರಿನಿಂದ ಕೆರೆದು ನೋಡಿ ಮೆಚ್ಚಿಕೊಂಡಳು. ಮರುದಿನದ ಪರೀಕ್ಷೆಯಲ್ಲಿ ಅರಿವೆ ಹೋದಂತೆಯೇ ಬಂತು. ಅವ್ವ ಮೂಸಿದಳು, ತಿರುವಿ ಮೂಸಿದಳು, ನನಗೂ ಮೂಸಲು ಕೊಟ್ಟಳು. ಆಮೇಲೆ ಟ್ರಂಕಿನಿಂದ ಒಳ್ಳೆಯ ಸೀರೆ ತೆಗೆದಳು. ಅಪ್ಪ ಅಂದು ಟಾಕಿಯನ್ನು ಬಾಯಿಯೂ ದಾಟಿ ತುಂಬಿಸಿರಬೇಕು.

ಕುಬಸದ ಬೆಳಿಗ್ಗೆ ಹೊರಟೆವು. ಟಾಕಿಯ ಮೇಲೆ ಹಸಿರು ಸೀರೆಯ ಗಂಟು, ಅದರ ಹಿಂದೆ ಅಪ್ಪ, ನಡುವೆ ನಾನು, ದಾಳಿಂಬೆ ಕೆಂಪಿನ ಸೀಟಿನ ಮೇಲೆ ಅವ್ವ. ಅಪ್ಪ ಹುನಗುಂದದವರೆಗೂ ಹಾಡು ಗುನುಗಿದ. ಊರು ದಾಟಿ ಸ್ವಲ್ಪ ದೂರಕ್ಕೆ ಗಾಡಿ ಗೊರಗೊರ ಎಂದು ಕೆಮ್ಮಿ ನಿಂತಿತು. ಅಪ್ಪ ಪ್ಲಗ್ಗು ಬಿಚ್ಚಿ ಒರೆಸಿದ, ಕಿಕ್ ಹೊಡೆದ, ಬೆವರು ಒರೆಸಿಕೊಂಡ. ಪೆಟ್ರೋಲ್ ಇದೆಯೇ ನೋಡೋಣ ಎಂದು ಮುಚ್ಚಳ ತೆರೆದ. ಸುಯ್ ಎಂದು ಸದ್ದಾಯಿತು. ಮತ್ತೆ ಕಿಕ್ ಹೊಡೆದರೆ ಗಾಡಿ ಏನೂ ಆಗದಂತೆ ಎದ್ದು ನಿಂತಿತು. ಪ್ಲಗ್ಗಿನದೇ ತೊಂದರೆ ಎಂದ ಅಪ್ಪ. ಅಮೀನಗಡ ಮುಟ್ಟುವುದರೊಳಗೆ ಇನ್ನೊಮ್ಮೆ ನಿಂತಿತು, ಅಲ್ಲೂ ಅದೇ ಆಟ. ಚಿಗವ್ವನಿಗೆಂದು ಕರದಂಟು ಕಟ್ಟಿಸಿಕೊಳ್ಳುವಾಗ ಅಂಗಡಿಯವರು, ಚಹಾ ಕುಡಿಯುವವರು, ಯಾರೋ ಹಾದಿಹೋಕರು ಎಲ್ಲ ಒಂದೊಂದು ಸಲಹೆ ಕೊಟ್ಟರು. ಒಬ್ಬ ಹಿರಿಯ ನಿಂಬೆಹಣ್ಣು ಕಟ್ಟಲು ಹೇಳಿದ. ಐಹೊಳೆಯ ದಾರಿಯಲ್ಲಿ ಮತ್ತೆ ನಿಂತಾಗ ಹೊತ್ತು ಏರಿತ್ತು. ಕುಬಸದ ಹೊತ್ತು ಮೀರಿದರೆ ಸೀರೆ ಯಾಕೆ, ಅಕ್ಕ ಯಾಕೆ. ಅವ್ವ ಇಳಿದು ರಸ್ತೆಬದಿಯ ಕಲ್ಲಿನ ಮೇಲೆ ಕೂತು ಬಸ್ಸು ಬರುವ ದಿಕ್ಕನ್ನು ನೋಡತೊಡಗಿದಳು. ಅಪ್ಪನ ಮುಖ ನೋಡಲಾಗುತ್ತಿರಲಿಲ್ಲ. ಈಗ ಅವಳು ಬಸ್ಸು ಹತ್ತಿದರೆ ಆ ಸೀಟಿನ ಮೇಲೆ ಇನ್ನೆಂದೂ ಕೂರುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅಪ್ಪ ಸೋತವನಂತೆ ಮುಚ್ಚಳ ತೆರೆದ. ಸುಯ್ ಎಂದಿತು.

“ಅದ್ಯಾಕ ಹಂಗ ಉಸಿರು ಬಿಡತೈತಿ?”

ಅವ್ವ ಕೂತಲ್ಲಿಂದಲೇ ಕೇಳಿದಳು. ಯಾವುದು ಎಂದು ಅಪ್ಪ ತಿರುಗಿದ. ಇನ್ನೊಮ್ಮೆ ಮುಚ್ಚಿ, ಗಾಡಿ ನಿಲ್ಲುವವರೆಗೆ ಓಡಿಸಿ ತೆರೆಯಲು ಹೇಳಿದಳು. ಅಪ್ಪ ಮುಂದಕ್ಕೆ ಹೋಗಿ ಬಂದ, ಗಾಡಿ ನಿಂತಿತು, ತೆರೆದ, ಮತ್ತೆ ಸುಯ್. ಅವ್ವ ಎದ್ದು ನಿಂತು ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು.

“ಎಣ್ಣಿ ಡಬ್ಬಿಗೆ ನಾವು ಎರಡು ತೂತು ಯಾಕ ಹೊಡಿತೇವ್ರಿ? ಒಂದರಾಗ ಎಣ್ಣಿ ಬರಾಕ, ಒಂದರಾಗ ಗಾಳಿ ಹೋಗಾಕ. ನಿಮ್ಮವ್ವ ಇದರ ಮೂಗು ಹೊಲದು ಕಳಿಸ್ಯಾಳ.”

ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಹುಣಸೆ ಸರಿಯನ್ನು ಚುಚ್ಚಲು ಹೋದಳು. ಅಪ್ಪ ಕೈ ಅಡ್ಡ ಹಿಡಿದ. ತೂತು ಬಿಟ್ಟರೆ ಚುಕ್ಕೆ ಬರುತ್ತದೆ, ಸೀರೆಗೆ ವಾಸನೆ ಹತ್ತುತ್ತದೆ, ನೀನು ಮತ್ತೆ ಹತ್ತುವುದಿಲ್ಲ ಎಂದ. ಅವನ ದನಿ ಸಣ್ಣದಾಗಿತ್ತು. ಅವ್ವ ಟಾಕಿಯೊಳಗೆ ಬಗ್ಗಿ ನೋಡಿದಳು. ಅಷ್ಟು ದೂರ ಓಡಿ ಪೆಟ್ರೋಲ್ ಕೆಳಗಿಳಿದಿತ್ತು.

“ಕೊಡ ಬಾಯಿತನಕ ತುಂಬಿದರ ಯಾರ ಸೊಂಟದ ಮ್ಯಾಲ ಚೆಲ್ಲೂದಿಲ್ಲ? ಒಂದೀಟ ಜಾಗಾ ಬಿಡ್ರಿ. ಎಲ್ಲಾದಕ್ಕೂ ತುಂಬಿ ತುಳಕಬೇಕಂದ್ರ ಹೆಂಗ?”

ಚುಚ್ಚಿದಳು. ಸೀರೆಯ ಗಂಟನ್ನು ಅದೇ ಟಾಕಿಯ ಮೇಲೆ ಇಟ್ಟು, ಸೀಟಿನ ಮೇಲೆ ಹತ್ತಿ ಕೂತಳು. ಬಸ್ಸೊಂದು ಧೂಳೆಬ್ಬಿಸಿಕೊಂಡು ನಮ್ಮನ್ನು ದಾಟಿಹೋಯಿತು, ಅವಳು ಅದರತ್ತ ನೋಡಲೂ ಇಲ್ಲ. ಪಟ್ಟದಕಲ್ಲು ಬಂತು, ಬಾದಾಮಿಯ ಕೆಂಪು ಗುಡ್ಡ ಬಂತು, ಗಾಡಿ ಎಲ್ಲೂ ಕೆಮ್ಮಲಿಲ್ಲ. ನಾನು ಮುಂದೆ ಸಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಗಾಳಿಯ ಒತ್ತಡದ ಪಾಠ ಬಂದಾಗಲೆಲ್ಲ ಎಣ್ಣೆಯ ಡಬ್ಬಿಯನ್ನೇ ತರಗತಿಗೆ ಒಯ್ಯುತ್ತಿದ್ದೆ. ಮಕ್ಕಳಿಗೆ ಹೇಳದೆ ಉಳಿಸಿಕೊಂಡದ್ದು ಅಪ್ಪನ ಬೆನ್ನಿಗೂ ಅವ್ವನ ಎದೆಗೂ ನಡುವೆ ಒತ್ತಿ ಕೂತ ಆ ಸುಖವನ್ನು ಮಾತ್ರ.

ಚೊಳಚಗುಡ್ಡದಲ್ಲಿ ಎಲ್ಲರೂ ನಮಗಾಗಿ ಕಾದಿದ್ದರು. ಅತ್ತಿ ಗಂಟು ಬಿಚ್ಚಿ, ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ ಸೀರೆಯನ್ನು ಮೂಸಿದಳು. ಏನೂ ವಾಸನೆಯಿಲ್ಲ ಎಂದು ಒಪ್ಪಿಕೊಂಡಳು. ಅವ್ವ ಇಷ್ಟೆತ್ತರವಾದಳು. ಚಿಗವ್ವನಿಗೆ ಸೀರೆ ಉಡಿಸಿ, ಹಸಿರು ಬಳೆ ಇಟ್ಟು, ಚಾಪೆಯ ಮೇಲೆ ಕೂರಿಸಿದರು. ಹೆಣ್ಣುಮಕ್ಕಳು ಆರತಿ ಎತ್ತುತ್ತಿದ್ದರು. ಚಿಗವ್ವ ಸೆರಗನ್ನು ಮೆಲ್ಲಗೆ ಮೂಗಿಗೆ ಒಯ್ದಳು. ಇನ್ನೊಮ್ಮೆ ಒಯ್ದಳು. ಮುಖ ಬಾಡಿಹೋಯಿತು, ಕಣ್ಣು ತುಂಬಿಕೊಂಡವು. ಅವ್ವ ಕುಂಕುಮದ ಬಟ್ಟಲನ್ನು ಕೆಳಗಿಟ್ಟು ಅವಳತ್ತ ಬಗ್ಗಿದಳು. ವಾಸನೆ ಬರುತ್ತಿದೆಯೇ ಎಂದು ಕೇಳಿದಳು.

“ಇಲ್ಲಕ್ಕಾ. ಬರವಲ್ದು.”

ಹಾಗೆಂದು ಚಿಗವ್ವ ಬಿಕ್ಕಿದಳು. ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಎಲ್ಲ ಹೊರಬಂತು. ಹಬ್ಬದಲ್ಲಿ ಆ ಸೀರೆ ಬೇವಿನ ಗಿಡದಲ್ಲಿ ಜೋತಾಡುತ್ತಿದ್ದಾಗ ಆಕೆ ಹೊಸ ಬಸುರಿ, ಇನ್ನೂ ಯಾರಿಗೂ ಹೇಳಿರಲಿಲ್ಲ. ನೀರು ತರುವ ನೆಪ ಮಾಡಿ ದಿನಾ ಗಿಡದ ಕೆಳಗೆ ನಿಂತು ಆ ವಾಸನೆ ತೆಗೆದುಕೊಳ್ಳುತ್ತಿದ್ದಳಂತೆ. ಅಂದಿನಿಂದ ಹತ್ತಿದ ಬಯಕೆ. ಊರೆಲ್ಲ ನಗುವ ವಾಸನೆಯನ್ನು ಬೇಕೆಂದು ಹೇಗೆ ಹೇಳುವುದು? ಅಕ್ಕನ ಮನೆಯ ಸೀರೆ ಬಂದರೆ ತಾನಾಗಿಯೇ ಬರುತ್ತದೆ ಎಂದು ಕಾದು ಕೂತಿದ್ದಳು. ಮೊದಲು ನಕ್ಕವಳು ಅವ್ವನ ತಾಯಿ, ನನ್ನ ಅಜ್ಜಿ, ಆಮೇಲೆ ಮನೆಗೆ ಮನೆಯೇ ನಕ್ಕಿತು. ಅತ್ತಿ ಮಾತ್ರ ನಗಲಿಲ್ಲ. ಕೂಸಿನ ಕಿವಿ ಸೋರಬಾರದು ಎಂದು, ಆರತಿಯನ್ನು ಅರ್ಧಕ್ಕೆ ಇಳಿಸಿ, ಚಿಗವ್ವನ ಕೈ ಹಿಡಿದು ಅಂಗಳಕ್ಕೆ ತಾನೇ ಕರೆದುಕೊಂಡು ಬಂದಳು. ಅದೇ ಬೇವಿನ ಗಿಡದ ಕೆಳಗೆ ಫಟಫಟಿ ನಿಂತಿತ್ತು. ಪೆಟ್ರೋಲ್ ಅಳಿಯ ಎರಡೂ ಕೈಯಿಂದ, ದೇವರ ಭರಣಿ ತೆರೆದಷ್ಟು ಭಕ್ತಿಯಿಂದ ಮುಚ್ಚಳ ತೆಗೆದ. ಒಂದೇ ಉಸಿರು, ಸಾಕು ಎಂದು ಅವ್ವ ತಾಕೀತು ಮಾಡಿದಳು. ಚಿಗವ್ವ ಬಗ್ಗಿ ಉಸಿರೆಳೆದುಕೊಂಡಳು. ಹಸಿರು ಸೀರೆಯಲ್ಲಿ ಆಕೆಯ ಆ ಮುಖದಷ್ಟು ಚೆಂದದ ಮುಖವನ್ನು ನಾನು ಆಮೇಲೆ ಯಾವ ಮದುವೆಯಲ್ಲೂ ಕಂಡಿಲ್ಲ. ಅಪ್ಪ ಅವ್ವನ ಕಡೆ ತಿರುಗಿದ.

“ಬಾಯಿತನಕ ತುಂಬಿದ್ದರ ಇನ್ನೂ ಚೊಲೊ ಬರ್ತಿತ್ತು.”

ಹುಟ್ಟಿದ್ದು ಹೆಣ್ಣು ಕೂಸು. ಇವತ್ತಿಗೂ ಅವಳ ಕಿವಿ ಸೋರಿಲ್ಲ. ಬಾಯಿ ಮಾತ್ರ ಸೋರುತ್ತದೆ, ಒಂದು ಗುಟ್ಟೂ ನಿಲ್ಲುವುದಿಲ್ಲ. ಅವ್ವ ಆ ದಿನ ಇಳಕಲ್ಲಿಗೆ ಫಟಫಟಿಯಲ್ಲೇ ಮರಳಿದಳು, ಆಮೇಲೆ ಎಷ್ಟೋ ವರ್ಷ ಆ ಸೀಟು ಬಿಟ್ಟಿಳಿಯಲಿಲ್ಲ. ಹಂಪಿಗೆ ಹೋದರು, ಶಿರೂರಿನ ಮದುವೆಗಳಿಗೆ ಹೋದರು, ಕೆಲಸವಿಲ್ಲದಿದ್ದರೂ ಹುನಗುಂದಕ್ಕೆ ಹೋಗಿ ಚಹಾ ಕುಡಿದು ಬಂದರು. ಅಪ್ಪ ಬಂಕಿನಲ್ಲಿ ಟಾಕಿಗೆ ಜಾಗ ಬಿಡುವುದನ್ನು ಕಲಿತ. ಚಹಾದ ಬಟ್ಟಲನ್ನು ಮಾತ್ರ ಕೊನೆಯವರೆಗೂ ತುಳುಕಿಸಿಯೇ ಕೊಟ್ಟ.

ಅಪ್ಪ ಈಗಿಲ್ಲ. ಅವ್ವ ನವನಗರದಲ್ಲಿ ನನ್ನ ಜೊತೆ ಇದ್ದಾಳೆ, ಫಟಫಟಿಯೂ ಇದೆ. ಹಳೆಯ ಗಾಡಿಗಳ ಹುಚ್ಚಿನ ಹುಡುಗರು ಅದನ್ನು ನೋಡಲು ಬಂದು, ಫೋಟೊ ತೆಗೆದುಕೊಂಡು ಹೋಗುತ್ತಾರೆ. ವಾರಕ್ಕೊಮ್ಮೆ ನಾನು ಅದನ್ನು ಓಣಿಯಲ್ಲಿ ಒಂದು ಸುತ್ತು ಓಡಿಸುತ್ತೇನೆ. ಹೋದ ತಿಂಗಳು ಮುಚ್ಚಳ ಮತ್ತೆ ಸೋರತೊಡಗಿತು, ವರಾಂಡದಿಂದ ಅಡುಗೆಮನೆಯವರೆಗೂ ವಾಸನೆ. ಒಂದು ಮಧ್ಯಾಹ್ನ ಕೂತು ಅವ್ವನ ಬಳೆಯ ಅಳತೆಗೇ ತೊಗಲು ಕತ್ತರಿಸಿ ಹಾಕಿದೆ. ನೆತ್ತಿಯ ತೂತನ್ನು ಪಿನ್ನಿನಿಂದ ಚೊಕ್ಕ ಮಾಡಿದೆ. ಬಿಳಿ ಅರಿವೆ ಹೊಚ್ಚಿ ಓಡಿಸಿ ತಂದು ಅವ್ವನ ಕೈಗೆ ಕೊಟ್ಟೆ. ಅವಳಿಗೆ ಕಣ್ಣು ಮಬ್ಬಾಗಿದೆ, ಮೂಗು ಇನ್ನೂ ಚುರುಕು. ಮೂಸಿದಳು, ತಿರುವಿ ಮೂಸಿದಳು. ಏನೂ ಇರಲಿಲ್ಲ. ಅರಿವೆಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡಳು. ಸಂಜೆ ಕೋಲೂರಿಕೊಂಡು ವರಾಂಡಕ್ಕೆ ಬಂದು ಗಾಡಿಯ ಪಕ್ಕ ನಿಂತಳು, ಸೀಟಿನ ಮೇಲೆ ಕೈಯಾಡಿಸಿದಳು. ಮುಚ್ಚಳ ತೆರೆ ಎಂದಳು. ಈಗಷ್ಟೇ ಬಿಗಿ ಮಾಡಿದ್ದೇನೆ, ಯಾಕೆ ಎಂದು ಕೇಳಿದೆ.

“ಬಯಕಿ ಆಗೇತಿ ಬೇ. ತೆರಿ.”

ತೆರೆದೆ.